ಹೇಳಿಕೊಳ್ಳುವುದಕ್ಕೂ ಮೊದಲು: ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಗಂಡಸರ ಚೇತರಿಕೆ

"ಮನಸ್ಸಲ್ಲಿರೋದನ್ನ ಹೇಳ್ಕೊಂಡುಬಿಡು, ಹಗುರ ಆಗುತ್ತೆ." ನಮ್ಮಲ್ಲಿ ಯಾವ ದುಃಖಕ್ಕೂ ಕೊಡುವ ಮೊದಲ ಸಲಹೆ ಇದು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಗಂಡಸಿನ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬುದರಲ್ಲಿ ಎಡವಿದರೆ, ಹೇಳಿಕೊಂಡಿದ್ದೇ ಇನ್ನೊಂದು ಪೆಟ್ಟಾಗುತ್ತದೆ. ಈ ಚೇತರಿಕೆಗೆ ಒಂದು ಕ್ರಮವಿದೆ. ಮೊದಲು ನಿದ್ದೆ, ಕುಡಿತ, ಸಿಟ್ಟು, ದಿಗಿಲು ಹಿಡಿತಕ್ಕೆ ಬರಬೇಕು. ನೆನಪಿನ ಜೊತೆ ನೇರವಾಗಿ ಕೆಲಸ ಮಾಡುವುದು ಆಮೇಲೆ. ದಾಂಪತ್ಯ, ಮಕ್ಕಳು, ಬಂಧುಬಳಗದ ಜೊತೆಗಿನ ಬದುಕನ್ನು ಹೊಸದಾಗಿ ಕಟ್ಟಿಕೊಳ್ಳುವುದು ಅದರ ನಂತರದ್ದು. ಚಿಕಿತ್ಸೆ ಕೈಕೊಟ್ಟ ಎಷ್ಟೋ ಕಡೆ ತಪ್ಪಿರುವುದು ಈ ಕ್ರಮವೇ.

ಇಂಥವರು ಅಪರೂಪ ಎಂದುಕೊಳ್ಳುವಂತಿಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ 53.22. ಅವರಲ್ಲಿ ಶೇ 52.94 ಗಂಡು ಮಕ್ಕಳು. ಕರ್ನಾಟಕ ಆ 13 ರಾಜ್ಯಗಳಲ್ಲಿ ಇರಲಿಲ್ಲ, ಆದರೆ ನಮ್ಮ ನೆರೆಯ ಆಂಧ್ರ, ಕೇರಳ, ಗೋವಾ, ಮಹಾರಾಷ್ಟ್ರ ನಾಲ್ಕೂ ಇದ್ದವು. ಆಸ್ಟ್ರೇಲಿಯಾದಲ್ಲಿ ಶಾಲೆ, ಚರ್ಚು, ಅನಾಥಾಲಯಗಳಲ್ಲಿ ಮಕ್ಕಳ ಮೇಲಾದ ದೌರ್ಜನ್ಯದ ತನಿಖೆಗೆ 2013ರಿಂದ 2017ರವರೆಗೆ ಕೆಲಸ ಮಾಡಿದ ರಾಯಲ್ ಕಮಿಷನ್ ಮುಂದೆ ಖಾಸಗಿಯಾಗಿ ಮಾತಾಡಿದವರಲ್ಲಿ ಹೆಚ್ಚಿನವರು ಗಂಡಸರೇ. ಮೊದಲ ಬಾರಿ ಯಾರಿಗಾದರೂ ಹೇಳಲು ಸಂತ್ರಸ್ತರು ತೆಗೆದುಕೊಂಡ ಸರಾಸರಿ ಕಾಲ ಸುಮಾರು 24 ವರ್ಷ. ಗಂಡಸರಿಗೆ ಹೆಂಗಸರಿಗಿಂತಲೂ ಹೆಚ್ಚು ವರ್ಷ ಬೇಕಾಗಿತ್ತು.

ಇಷ್ಟು ವರ್ಷ ಬಾಯಿ ಕಟ್ಟಿಹಾಕುವುದು ಏನು? ನಮ್ಮ ಮನೆಗಳಲ್ಲಿ ಹೆಣ್ಣು ಮಗುವಿನ ಮೇಲೆ ಸ್ವಲ್ಪವಾದರೂ ಕಾವಲಿರುತ್ತದೆ, ಗಂಡು ಹುಡುಗನನ್ನು ಎಲ್ಲಿಗೆ ಬೇಕಾದರೂ ಕಳಿಸುತ್ತೇವೆ. ಮದುವೆ ಮನೆಯ ಹಾಲ್‌ನಲ್ಲಿ ಸಾಲಾಗಿ ಹಾಸಿದ ಜಮಖಾನೆಯ ಮೇಲೆ ಅವನು ಯಾರ ಪಕ್ಕ ಮಲಗಿದ ಎಂದು ಕೇಳುವವರಿಲ್ಲ. ಬೇಸಿಗೆ ರಜೆಯ ಅಜ್ಜಿ ಮನೆ, ಹಾಸ್ಟೆಲ್‌ನ ಸೀನಿಯರ್‌ಗಳ ರೂಮು, ಟ್ಯೂಷನ್ ಮೇಷ್ಟ್ರ ಮನೆಯ ಮಹಡಿ, ತುಂಬಿದ ಬಸ್ಸು, ಎಲ್ಲ ಕಡೆಯೂ ಹೀಗೆಯೇ. ಹುಡುಗ ಧೈರ್ಯ ಮಾಡಿ ಬಾಯಿಬಿಟ್ಟರೂ "ತಮಾಷೆಗೆ ಮಾಡಿರ್ತಾನೆ, ನೀನೇನು ಹುಡುಗೀನಾ?" ಎಂದು ನಕ್ಕುಬಿಡುತ್ತಾರೆ. ಮಾಡಿದವನು ಸೋದರಮಾವನೋ ದೊಡ್ಡಪ್ಪನ ಮಗನೋ ಆಗಿದ್ದರೆ ಮಾತು ಮರ್ಯಾದೆಗೆ ತಿರುಗಿ ಅಲ್ಲೇ ಮುಗಿಯುತ್ತದೆ.

ಇದೆಲ್ಲಕ್ಕಿಂತ ಬಿಗಿಯಾದ ಬೀಗ ಒಂದಿದೆ, ಅದನ್ನು ವೈದ್ಯರ ಮುಂದೆಯೂ ಗಂಡಸರು ಹೇಳುವುದು ಕೊನೆಗೆ. ಆ ಹೊತ್ತಿನಲ್ಲಿ ತನ್ನ ದೇಹ ಸ್ಪಂದಿಸಿತ್ತು ಎಂಬ ನೆನಪು ಅದು. ಶಿಶ್ನ ನಿಮಿರಿತ್ತು, ವಯಸ್ಸಿಗೆ ಬಂದವನಾಗಿದ್ದರೆ ಸ್ಖಲನವೂ ಆಗಿತ್ತು. "ಹಾಗಾದರೆ ನನಗೂ ಬೇಕಿತ್ತೇನೋ" ಎಂಬ ಒಂದು ಅನುಮಾನ ಮೂವತ್ತು ವರ್ಷ ಒಳಗೇ ಕೊರೆಯುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ. ಮುಟ್ಟಿದಾಗ ಆಗುವ ನಿಮಿರುವಿಕೆಯನ್ನು ನಡೆಸುವುದು ಬೆನ್ನುಹುರಿಯ ಕೆಳತುದಿಯ ನರಗಳು. ಸ್ಪರ್ಶದ ಸುದ್ದಿ ಅಲ್ಲಿಗೆ ಹೋಗಿ, ಅಲ್ಲಿಂದಲೇ ರಕ್ತನಾಳಗಳಿಗೆ ಸೂಚನೆ ಮರಳುತ್ತದೆ. ಮಿದುಳನ್ನು ಕೇಳಿ ಒಪ್ಪಿಗೆ ಪಡೆಯುವ ಹಂತ ಈ ದಾರಿಯಲ್ಲಿ ಇಲ್ಲವೇ ಇಲ್ಲ. ಹಸುಗೂಸುಗಳಲ್ಲಿ, ನಿದ್ದೆಯಲ್ಲಿ, ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದವರಲ್ಲಿ ಕೂಡ ಇದು ಆಗುತ್ತದೆ. ಹೆದರಿಕೆಯಲ್ಲೂ ಆಗುತ್ತದೆ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ಅವನಿಗೆ ದುಃಖವಾಯಿತು ಎಂದು ಯಾರೂ ಹೇಳುವುದಿಲ್ಲ. ಇದೂ ಅಷ್ಟೇ. ಎಷ್ಟೋ ಅಪರಾಧಿಗಳಿಗೆ ಇದು ಚೆನ್ನಾಗಿ ಗೊತ್ತು. "ನೋಡು, ನಿನಗೂ ಇಷ್ಟ" ಎಂದು ಹುಡುಗನ ಕಿವಿಯಲ್ಲಿ ಹೇಳಿ, ಅವನ ಬಾಯಿ ಮುಚ್ಚಿಸಲು ಅದನ್ನೇ ಬಳಸುತ್ತಾರೆ.

ಓಡಿಹೋಗಲಿಲ್ಲ, ಕೂಗಲಿಲ್ಲ ಎಂಬ ಕೊರಗಿಗೂ ಇಂಥದ್ದೇ ವಿವರಣೆ. ಪಾರಾಗುವ ದಾರಿ ಕಾಣದಿದ್ದಾಗ ಕೈಕಾಲು ಮರಗಟ್ಟಿ ದನಿ ಹೊರಡದೆ ಹೋಗುವುದು ದೇಹದ ರಕ್ಷಣಾ ಕ್ರಿಯೆಗಳಲ್ಲಿ ಒಂದು. ಅದನ್ನು ಆರಿಸಿಕೊಳ್ಳುವುದು ಯಾರ ಕೈಯಲ್ಲೂ ಇಲ್ಲ.

ಇನ್ನು ಎರಡು ಭಯಗಳು. ಮೊದಲನೆಯದು, "ಇದರಿಂದ ನಾನು ಸಲಿಂಗಿ ಆಗಿಬಿಟ್ಟೆನಾ?" ದೌರ್ಜನ್ಯ ಯಾರ ಲೈಂಗಿಕ ಒಲವನ್ನೂ ಬದಲಿಸುವುದಿಲ್ಲ. ಸಲಿಂಗಿಗಳಲ್ಲೂ ಸಂತ್ರಸ್ತರಿದ್ದಾರೆ, ಅಲ್ಲದವರಲ್ಲೂ ಇದ್ದಾರೆ. ಒಲವನ್ನು "ಸರಿ ಮಾಡಿಕೊಡುತ್ತೇನೆ" ಎನ್ನುವವರ ಹತ್ತಿರ ಹೋಗಬೇಡಿ. ಅಂಥ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಎರಡನೆಯದು, "ನಾನೂ ಮುಂದೆ ಹೀಗೆ ಮಾಡ್ತೀನಾ?" ಸಂತ್ರಸ್ತರಲ್ಲಿ ಬಹುಪಾಲು ಗಂಡಸರು ಯಾವ ಮಗುವಿಗೂ ಕೇಡು ಮಾಡುವುದಿಲ್ಲ. ಈ ಭಯದಿಂದ ಸ್ವಂತ ಮಗನಿಗೆ ಸ್ನಾನ ಮಾಡಿಸಲೂ ಹಿಂಜರಿಯುವ ಅಪ್ಪಂದಿರು ಇದನ್ನು ಎರಡು ಸಲ ಓದಿಕೊಳ್ಳಲಿ. ಕೇಡು ಮಾಡಿದ್ದು ಹೆಂಗಸಾಗಿದ್ದರೆ ಕಷ್ಟ ಬೇರೆಯದೇ, ಸ್ನೇಹಿತರು ಅದನ್ನು "ಅದೃಷ್ಟ" ಎನ್ನುತ್ತಾರೆ. ಕಾನೂನು ಹಾಗೆ ಎನ್ನುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಲಿಂಗಭೇದ ಮಾಡುವುದಿಲ್ಲ, ಆರೋಪಿ ಹೆಣ್ಣಾದರೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಸ್ಪಷ್ಟವಾಗಿ ಹೇಳಿದೆ.

ದೊಡ್ಡವನಾದ ಮೇಲೆ ಇದು ಹೇಗೆ ಕಾಣಿಸಿಕೊಳ್ಳುತ್ತದೆ? ಅಳುವಿನ ರೂಪದಲ್ಲಿ ಬರುವುದು ಕಡಿಮೆ, ಅದಕ್ಕೇ ವೈದ್ಯರಿಗೂ ತಪ್ಪಿಹೋಗುತ್ತದೆ. ಸಣ್ಣ ಮಾತಿಗೆ ಮೈಮೇಲೆ ಬರುವ ಸಿಟ್ಟು, ರಾತ್ರಿ ಹನ್ನೊಂದರವರೆಗೆ ಆಫೀಸಿನಲ್ಲೇ ಕೂರುವ ಅಭ್ಯಾಸ, ಕುಡಿತ, ಅಶ್ಲೀಲ ವಿಡಿಯೋಗಳ ಚಟ, ಬಾಗಿಲಿನ ಕಡೆ ಮುಖ ಮಾಡಿಯೇ ಕೂರುವುದು, ಕ್ಷೌರದಂಗಡಿಯಲ್ಲಿ ಕತ್ತಿನ ಹಿಂದೆ ಕೈಯಿಟ್ಟರೆ ಬೆವರುವುದು, ಮಲಬದ್ಧತೆ ಅಥವಾ ಸೊಂಟದ ಕೆಳಗಿನ ನೋವಿದ್ದರೂ ವರ್ಷಗಟ್ಟಲೆ ಡಾಕ್ಟರ್ ಹತ್ತಿರ ಹೋಗದಿರುವುದು. ಬೀಡಿ ವಾಸನೆಯೋ ಯಾವುದೋ ಪೌಡರಿನ ಘಮವೋ ಹಳೆಯ ಕೋಣೆಗೆ ಎಳೆದೊಯ್ಯುತ್ತದೆ. ವಿಪರೀತ ಭಯದಲ್ಲಿ ದಾಖಲಾದ ನೆನಪಿಗೆ "ಇದು ಆಗಿ ಮುಗಿದದ್ದು" ಎಂಬ ಕಾಲದ ಗುರುತು ಸರಿಯಾಗಿ ಬಿದ್ದಿರುವುದಿಲ್ಲ. ಹಾಗಾಗಿ ಅದು ನೆನಪಾಗಿ ಬರದೆ, ಈಗಲೇ ಆಗುತ್ತಿರುವಂತೆ ಬರುತ್ತದೆ.

ಮೊದಲ ಹಂತದ ಕೆಲಸ ಇಲ್ಲಿಂದಲೇ ಶುರು. ಹಳೆಯದು ನುಗ್ಗಿ ಬಂದಾಗ ದೇಹವನ್ನು ಇವತ್ತಿಗೆ ಮರಳಿ ತರುವ ಅಭ್ಯಾಸ ಹೀಗಿದೆ: ಎರಡೂ ಪಾದ ನೆಲಕ್ಕೆ ಒತ್ತಿ. ಕಣ್ಣು ತೆರೆದೇ ಇರಲಿ, ಮುಚ್ಚಿದರೆ ಹಳೆಯ ಚಿತ್ರ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಣುವ 5 ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ: ಕ್ಯಾಲೆಂಡರು, ನೀಲಿ ಬಕೆಟ್ಟು, ಫ್ಯಾನು, ಹೀಗೆ. ಆಮೇಲೆ ಮುಟ್ಟಿ ನೋಡುವ 4, ಕೇಳಿಸುವ 3 ಸದ್ದು, 2 ವಾಸನೆ, 1 ರುಚಿ. ಕೊನೆಗೆ ಇವತ್ತಿನ ತಾರೀಕು, ನಿಮ್ಮ ಈಗಿನ ವಯಸ್ಸು, ಇರುವ ಊರು. ಉಸಿರು ಒಳಗೆ ಎಳೆಯುವಾಗ 4 ಎಣಿಸಿ, ಬಿಡುವಾಗ 6 ಎಣಿಸಿ. ನಡುವೆ ಕಟ್ಟಿಹಿಡಿಯಬೇಡಿ, ಕೆಲವರಿಗೆ ಅದೇ ದಿಗಿಲು ತರುತ್ತದೆ. ದಿಗಿಲಾದಾಗ ಮಾತ್ರ ಮಾಡಿದರೆ ಇದು ಕೈಕೊಡುತ್ತದೆ. ಆರಾಮಾಗಿರುವಾಗ ದಿನಕ್ಕೆ ಎರಡು ಸಲ, ಐದೈದು ನಿಮಿಷ ರೂಢಿ ಮಾಡಿಕೊಂಡಿದ್ದರೆ ಬೇಕಾದಾಗ ಒದಗಿಬರುತ್ತದೆ. ಹತ್ತು ದಿನದ ಮೌನ ಶಿಬಿರ, ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂರುವ ಧ್ಯಾನ ಈ ಹಂತಕ್ಕೆ ಹೊಂದುವುದಿಲ್ಲ. ಒಳ್ಳೆಯದಾಗಲಿ ಎಂದು ಹೋದವರು ಅಲ್ಲೇ ಕುಸಿಯುವುದುಂಟು.

ಮತ್ತೆ ಮತ್ತೆ ಬೀಳುವ ಕೆಟ್ಟ ಕನಸಿಗೆ ಒಂದು ಸರಳ ವಿಧಾನವಿದೆ. ಹಗಲು ಹೊತ್ತಿನಲ್ಲಿ, ತೀರಾ ಭಯಾನಕವಲ್ಲದ ಒಂದು ಕನಸನ್ನು ಕಾಗದದ ಮೇಲೆ ಬರೆದು, ಅದರ ನಡುವೆಯೋ ಕೊನೆಗೋ ನಿಮಗೆ ಬೇಕಾದ ಹಾಗೆ ಬದಲಿಸಿ: ಬಾಗಿಲು ತೆರೆದುಕೊಂಡಿತು, ಯಾರೋ ಬಂದರು, ನೀವು ದೊಡ್ಡವರಾಗಿದ್ದಿರಿ. ಈ ಹೊಸ ಕನಸನ್ನು ದಿನಾ 10ರಿಂದ 20 ನಿಮಿಷ ಮನಸ್ಸಿನಲ್ಲಿ ನಡೆಸಿ. ಫಲ ಕಾಣಲು ಕೆಲವು ವಾರ ಬೇಕು.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ದಿನಾ ಹೆಚ್ಚು ಕುಡಿಯುವವರು ಹಟಕ್ಕೆ ಬಿದ್ದು ಒಮ್ಮೆಲೇ ಬಿಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿದು ಪ್ರಾಣಕ್ಕೂ ಅಪಾಯವಾಗಬಹುದು. ಆಸ್ಪತ್ರೆಯ ನಿಗಾದಲ್ಲೇ ಬಿಡಬೇಕು. ಔಷಧಿಗಳಲ್ಲಿ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಮೊದಲಾದವು ಆಘಾತದ ನಂತರದ ಕಾಯಿಲೆಗೆ ಬಳಕೆಯಲ್ಲಿವೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇವುಗಳಿಂದ ಲೈಂಗಿಕ ಆಸಕ್ತಿ ಕುಗ್ಗಬಹುದು, ಸ್ಖಲನ ತಡವಾಗಬಹುದು. ಇದನ್ನು ಮೊದಲೇ ತಿಳಿಸದಿದ್ದರೆ "ನನ್ನ ಗಂಡಸುತನವೇ ಹೋಯಿತು" ಎಂದು ಮಾತ್ರೆ ಬಿಸಾಡುತ್ತಾರೆ. ಡಾಕ್ಟರಿಗೆ ಹೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಅಲ್ಪ್ರಜೋಲಾಂ, ಕ್ಲೊನಜೆಪಾಂ ಮಾತ್ರೆ ಮಾತ್ರ ಕೊಟ್ಟು ತಿಂಗಳುಗಟ್ಟಲೆ ಮುಂದುವರಿಸುತ್ತಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳಿ. ಅವು ಚಟವಾಗುತ್ತವೆ, ಈ ಕಾಯಿಲೆಗೆ ಮದ್ದೂ ಅಲ್ಲ.

ಎಲ್ಲಿಗೆ ಹೋಗಬೇಕು? ಹೆಸರು ಹೇಳದೆಯೂ ಮಾತಾಡಬಹುದಾದ ಜಾಗ ಟೆಲಿ ಮನಸ್, ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಮೊದಲು ಆ ಸಂಖ್ಯೆಗೆ ಫೋನ್ ಮಾಡಿ. ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗ ಎಲ್ಲರಿಗೂ ತೆರೆದಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಹೋಗುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಒಪಿಡಿ ಚೀಟಿ ಮಾಡಿಸುವಾಗ ಸಾಲಿನಲ್ಲಿ ಎಲ್ಲರ ಎದುರು "ಏನ್ ತೊಂದ್ರೆ?" ಎಂದು ಕೇಳುತ್ತಾರೆ. "ನಿದ್ದೆ ಬರಲ್ಲ" ಎಂದರೆ ಸಾಕು. ಒಳಗೆ ವೈದ್ಯರ ಮುಂದೆ ಒಂದೇ ವಾಕ್ಯ: "ಚಿಕ್ಕವನಿದ್ದಾಗ ನನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿತ್ತು, ಈಗ ಅದರಿಂದ ತೊಂದರೆ ಆಗ್ತಿದೆ. ವಿವರ ಇವತ್ತು ಹೇಳಲ್ಲ." ಬಾಯಿಂದ ಬರದಿದ್ದರೆ ಚೀಟಿಯಲ್ಲಿ ಬರೆದುಕೊಡಿ. ಗುಟ್ಟು ಕಾಪಾಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನಿಮ್ಮ ಹಕ್ಕು.

ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುವುದಾದರೆ ಅವರ ಹೆಸರು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಲ್ಲಿದೆಯೇ ನೋಡಿ. ಆಘಾತದ ಚಿಕಿತ್ಸೆಯಲ್ಲಿ ಯಾವ ವಿಧಾನದ ತರಬೇತಿ ಆಗಿದೆ, ಗಂಡಸರ ಜೊತೆ ಕೆಲಸ ಮಾಡಿದ್ದೀರಾ ಎಂದು ನೇರವಾಗಿ ಕೇಳಿ. ಇನ್ನೊಂದು ಪ್ರಶ್ನೆಯನ್ನು ಯಾರ ಹೆಸರನ್ನೂ ಹೇಳುವ ಮೊದಲೇ ಕೇಳಬೇಕು: "ನಾನು ಹೇಳಿದ್ದನ್ನ ಪೊಲೀಸರಿಗೆ ತಿಳಿಸಬೇಕಾದ ಸಂದರ್ಭ ಬರುತ್ತಾ?" ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಕ್ಕಳ ಮೇಲಿನ ಅಪರಾಧ ಗೊತ್ತಾದವರು ತಿಳಿಸಲೇಬೇಕು. ನಿಮಗೆ ಕೇಡು ಮಾಡಿದ ವ್ಯಕ್ತಿಯ ಕೈಯಲ್ಲಿ ಇವತ್ತಿಗೂ ಮಕ್ಕಳಿದ್ದರೆ ವಿಷಯ ಇನ್ನೂ ತುರ್ತಿನದು. ಒಳ್ಳೆಯ ಚಿಕಿತ್ಸಕರು ಇದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳುತ್ತಾರೆ.

ನಿದ್ದೆ ಒಂದು ಹದಕ್ಕೆ ಬಂದು, ದಿಗಿಲನ್ನು ತಡೆದುಕೊಳ್ಳುವುದು ರೂಢಿಯಾದ ಮೇಲೆ ನೆನಪಿನ ಕೆಲಸ. ಸಾಕ್ಷ್ಯವಿರುವ ವಿಧಾನಗಳು ಹಲವಿವೆ. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಸಾಮಾನ್ಯವಾಗಿ 12 ಸೆಷನ್‌ಗಳದು. ದೂರವಿಟ್ಟ ನೆನಪನ್ನು ಹಂತಹಂತವಾಗಿ ಎದುರಿಸುವ ಪ್ರೊಲಾಂಗ್ಡ್ ಎಕ್ಸ್‌ಪೋಷರ್ 8ರಿಂದ 15 ಸೆಷನ್, ಒಂದೊಂದೂ ಸುಮಾರು 90 ನಿಮಿಷ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಲ್ಲಿದೆ. ವರ್ಷಗಟ್ಟಲೆ ನಡೆದ ದೌರ್ಜನ್ಯಕ್ಕೆ ಇಷ್ಟು ಸೆಷನ್ ಸಾಲದೆ ಹೋಗಬಹುದು.

ಮೊದಲ ವಿಧಾನದಲ್ಲಿ ಆಗುವುದನ್ನು ಹತ್ತಿರದಿಂದ ನೋಡೋಣ. "ನಾನು ಓಡಿಹೋಗಬಹುದಿತ್ತು" ಎಂಬ ವಾಕ್ಯದಲ್ಲಿ ಒಬ್ಬ ಸಿಕ್ಕಿಕೊಂಡಿದ್ದಾನೆ ಎನ್ನಿ. ಚಿಕಿತ್ಸಕರು "ಹಾಗೆ ಅಂದ್ಕೋಬೇಡಿ" ಎನ್ನುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಆಗ ನಿಮ್ಮ ವಯಸ್ಸೆಷ್ಟು? ಒಂಬತ್ತು. ಅವನದ್ದು? ಇಪ್ಪತ್ತನಾಲ್ಕು. ಒಂಬತ್ತರ ಹುಡುಗ ಸುಮಾರು 25 ಕೆ.ಜಿ. ತೂಗುತ್ತಾನೆ, ಅವನು? ಕೋಣೆಯ ಚಿಲಕ ಎಷ್ಟೆತ್ತರದಲ್ಲಿತ್ತು? ಓಡಿ ಎಲ್ಲಿಗೆ ಹೋಗುತ್ತಿದ್ದಿರಿ, ಅದು ಯಾರ ಮನೆ? ಹೋಗಿ ಹೇಳಿದ್ದರೆ ಯಾರು ನಂಬುತ್ತಿದ್ದರು? ಉತ್ತರಗಳನ್ನು ಹಾಳೆಯ ಮೇಲೆ ಬರೆಸುತ್ತಾರೆ. ನಲವತ್ತರ ಗಂಡಸು ತನ್ನ ಈಗಿನ ಬಲ, ಈಗಿನ ಬುದ್ಧಿಯನ್ನು ಆ ಹುಡುಗನಿಗೆ ಹೊರಿಸಿ ತೀರ್ಪು ಕೊಡುತ್ತಿದ್ದ ಎಂಬುದು ಅವನ ಕೈಬರಹದಲ್ಲೇ ಕಾಣಿಸುತ್ತದೆ. ನಾಲ್ಕನೇ ಕ್ಲಾಸಿನ ಗ್ರೂಪ್ ಫೋಟೊ ಇದ್ದರೆ ತರಲು ಹೇಳುವುದೂ ಉಂಟು. ತನ್ನ ತೋಳು ಎಷ್ಟು ಸಣ್ಣದಿತ್ತು ಎಂಬುದನ್ನು ಅದರಲ್ಲಿ ನೋಡಿ ಮೊದಲ ಸಲ ಅಳುವವರಿದ್ದಾರೆ.

ಈ ಕೆಲಸ ಶುರುವಾದ ಮೂರ್ನಾಲ್ಕು ವಾರ ಕನಸುಗಳೂ ಸಿಡುಕೂ ಸ್ವಲ್ಪ ಹೆಚ್ಚಾಗಬಹುದು. ಹೆಚ್ಚು ಜನ ಬಿಟ್ಟುಹೋಗುವುದು ಇಲ್ಲಿಯೇ, "ಇದರಿಂದ ಇನ್ನೂ ಕೆಟ್ಟಿತು" ಎಂದು. ಬಿಡುವ ಬದಲು ಆ ಮಾತನ್ನೇ ಮುಂದಿನ ಸೆಷನ್‌ನಲ್ಲಿ ಹೇಳಬೇಕು, ವೇಗ ತಗ್ಗಿಸಬಹುದು. ಆದರೆ ನಿಜಕ್ಕೂ ಬಿಟ್ಟುಬರಬೇಕಾದ ಚಿಕಿತ್ಸಕರೂ ಇದ್ದಾರೆ. ಮೊದಲ ದಿನವೇ ಎಲ್ಲ ವಿವರ ಹೇಳು ಎಂದು ಒತ್ತಾಯಿಸುವವರು, "ಕ್ಷಮಿಸಿಬಿಟ್ಟರೆ ನಿಮಗೇ ನೆಮ್ಮದಿ" ಎಂದು ಕ್ಷಮೆಯನ್ನು ಷರತ್ತು ಮಾಡುವವರು, ಸಮ್ಮೋಹನದಿಂದ ಮರೆತ ನೆನಪನ್ನು ಹೊರತೆಗೆಯುತ್ತೇವೆ ಎನ್ನುವವರು. ಸಮ್ಮೋಹನದಲ್ಲಿ ಆಗದೇ ಇದ್ದದ್ದೂ ನೆನಪಾಗಿ ಕೂತುಬಿಡುವ ಅಪಾಯವಿದೆ. ಎಲ್ಲವೂ ನೆನಪಿರಬೇಕು ಎಂದೇನಿಲ್ಲ, ಇರುವಷ್ಟರಲ್ಲೇ ಗುಣವಾಗಬಹುದು.

ಹೆಂಡತಿಗೆ ಹೇಳುವುದಿದ್ದರೆ ಜಗಳದ ನಡುವೆ ಬೇಡ, ಹಾಸಿಗೆಯಲ್ಲೂ ಬೇಡ. ಹಗಲಿನಲ್ಲಿ, ಮಕ್ಕಳಿಲ್ಲದ ಹೊತ್ತು, ಚಿಕ್ಕದಾಗಿ: "ಚಿಕ್ಕವನಿದ್ದಾಗ ಒಬ್ಬರು ನನ್ನ ಹತ್ರ ಕೆಟ್ಟದಾಗಿ ನಡ್ಕೊಂಡಿದ್ರು. ಅದಕ್ಕೇ ಕೆಲವು ಸಲ ಮುಟ್ಟಿದ್ರೆ ಸರ್ರನೆ ದೂರ ಹೋಗ್ತೀನಿ. ನಿನ್ನ ಮೇಲಿನ ಬೇಜಾರಲ್ಲ. ಡಾಕ್ಟರ್ ಹತ್ರ ಹೋಗ್ತಿದ್ದೀನಿ. ಯಾರು, ಏನು ಅಂತ ಈಗ ಕೇಳ್ಬೇಡ, ಅಮ್ಮನಿಗೂ ಹೇಳ್ಬೇಡ." ಕೊನೆಯ ಎರಡು ಮಾತು ಮುಖ್ಯ. ಗಾಬರಿಯಲ್ಲಿ ಆಕೆ ಅತ್ತೆಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಕೇಳುವವಳು ಹೇಳಬೇಕಾದ್ದೂ ಕಮ್ಮಿಯೇ: "ನಂಬ್ತೀನಿ. ನಿಮ್ಮ ತಪ್ಪಲ್ಲ." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬೇಡ. ದೈಹಿಕ ಸಂಬಂಧದಲ್ಲಿ ಇಬ್ಬರೂ ಒಂದು ನಿಲ್ಲಿಸುವ ಸಂಕೇತ ಗೊತ್ತುಮಾಡಿಕೊಳ್ಳಲಿ. ದೀಪ ಆರಿಸದೆ, ಕೆಲವು ವಾರ ಸಂಭೋಗದ ಗುರಿಯಿಲ್ಲದೆ, ಕೈ, ಬೆನ್ನು, ತಲೆ ಸವರುವಷ್ಟಕ್ಕೇ ನಿಲ್ಲಿಸಿ ಸ್ಪರ್ಶವನ್ನು ಹೊಸದಾಗಿ ರೂಢಿಸಿಕೊಳ್ಳುವ ವಿಧಾನವನ್ನು ಲೈಂಗಿಕ ಚಿಕಿತ್ಸಕರು ಹಂತಹಂತವಾಗಿ ಹೇಳಿಕೊಡುತ್ತಾರೆ.

ದೂರು ಕೊಡಬೇಕೇ ಬೇಡವೇ ಎಂಬುದು ಬೇರೆಯೇ ತೀರ್ಮಾನ. ಗುಣವಾಗಲು ಅದು ಕಡ್ಡಾಯವಲ್ಲ. ಕೃತ್ಯ ನಡೆದದ್ದು 2012ರ ನವೆಂಬರ್ 14ರ ನಂತರವಾದರೆ ಪೋಕ್ಸೊ ಅನ್ವಯಿಸುತ್ತದೆ, ನೀವು ಈಗ ವಯಸ್ಕರಾಗಿದ್ದರೂ ಸರಿ. ಅದಕ್ಕೂ ಹಿಂದಿನದಾದರೆ ಆಗ ಜಾರಿಯಲ್ಲಿದ್ದ ಐಪಿಸಿಯನ್ನೇ ನೋಡಬೇಕು. ಅದರಲ್ಲಿ ಅತ್ಯಾಚಾರಕ್ಕಿದ್ದ 376ನೇ ಸೆಕ್ಷನ್ ಗಂಡು ಮಕ್ಕಳನ್ನು ಸಂತ್ರಸ್ತರೆಂದು ಪರಿಗಣಿಸಿರಲಿಲ್ಲ, ಆದರೆ ಮಕ್ಕಳ ಮೇಲಿನ ಬಲಾತ್ಕಾರಕ್ಕೆ 377 ಇತ್ತು. 3 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಿಗೆ ದೂರಿನ ಕಾಲಮಿತಿ ಇಲ್ಲ. ಆದರೂ ಇಪ್ಪತ್ತು ವರ್ಷದ ಹಿಂದಿನದ್ದಕ್ಕೆ ಸಾಕ್ಷ್ಯ ಹೊಂದಿಸುವುದು ಕಷ್ಟ, ಪಾಟೀಸವಾಲಿನಲ್ಲಿ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮೊದಲ ಹಂತ ಮುಗಿಯುವ ಮೊದಲೇ ಠಾಣೆ ಮೆಟ್ಟಿಲೇರಿದವರು ತುಂಬಾ ನಲುಗುತ್ತಾರೆ. ಕಾನೂನು ಸಲಹೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಸದ್ಯ ಯಾವುದಾದರೂ ಮಗು ಅಪಾಯದಲ್ಲಿದ್ದರೆ ಮಾತ್ರ ಕಾಯುವಂತಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲೇಬೇಕು.

ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಹಳೆಯದು ಕದಡುವ ಹೊತ್ತುಗಳಿವೆ. ಸ್ವಂತ ಮಗ ಆಗಿನ ತನ್ನ ವಯಸ್ಸಿಗೆ ಬಂದಾಗ, ಮಗನನ್ನು ಹಾಸ್ಟೆಲ್‌ಗೆ ಸೇರಿಸುವಾಗ, ಕೇಡು ಮಾಡಿದವನು ತೀರಿಕೊಂಡಾಗ. ಈ ಕೊನೆಯದಕ್ಕೆ ಯಾರೂ ಸಿದ್ಧರಿರುವುದಿಲ್ಲ. ನೆಮ್ಮದಿ, ಸಿಟ್ಟು, ಕೇಳಬೇಕಾದ್ದನ್ನು ಕೇಳಲಾಗದೇ ಹೋಯಿತಲ್ಲ ಎಂಬ ಸಂಕಟ, ಕೆಲವೊಮ್ಮೆ ದುಃಖವೂ ಒಟ್ಟಿಗೇ ಬರುತ್ತವೆ. ಅವನು ಸೈಕಲ್ ಕಲಿಸಿಕೊಟ್ಟ ಮಾವನೂ ಆಗಿದ್ದಿರಬಹುದು, ಹಾಗಾಗಿ ದುಃಖವಾದರೆ ಅದರಲ್ಲಿ ತಪ್ಪೇನಿಲ್ಲ. ಮಣ್ಣಿಗೆ ಹೋಗಲೇಬೇಕು, ಹನ್ನೊಂದನೇ ದಿನದ ಊಟಕ್ಕೆ ಕೂರಲೇಬೇಕು ಎಂದು ಮನೆಯವರು ಎಷ್ಟೇ ಒತ್ತಾಯಿಸಿದರೂ ಅದು ನಿಮ್ಮ ಇಷ್ಟ. ಹೋಗದಿದ್ದರೆ "ಹುಷಾರಿಲ್ಲ" ಎಂಬ ಒಂದೇ ಕಾರಣ ಸಾಕು, ಅದನ್ನೇ ಎಲ್ಲರಿಗೂ ಹೇಳಿ. ಹೋಗುವುದಾದರೆ ವಿಷಯ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ನಿಮ್ಮದೇ ಗಾಡಿಯಲ್ಲಿ ಹೋಗಿ, ಎಷ್ಟು ಹೊತ್ತಿಗೆ ಹೊರಡುವುದು ಎಂದು ಮೊದಲೇ ಮಾತಾಡಿಕೊಂಡಿರಿ. ಅದೇ ವಾರ ಚಿಕಿತ್ಸಕರ ಹತ್ತಿರ ಒಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.